ಚೆಕ್ ಬರೆಯುವ ಮುಂಚೆ

ತಮ್ಮಾ, ಸೀರೆ ಅಂಗಡಿಯ ಜಾಹೀರಾತನ್ನು ಈ ಸಲ ವೆಬ್‌ಸೈಟಿಗೂ ಕೊಡುತ್ತೇನೆ ಎಂದಿದ್ದೀಯ. ಕೊಡು, ಬೇಡವೆನ್ನುವುದಿಲ್ಲ. ಪತ್ರಿಕೆಯವರು ಪ್ರಸಾರ ಸಂಖ್ಯೆ ಹೇಳಿದರೆ ಎಬಿಸಿ ಪ್ರಮಾಣಪತ್ರ ತೋರಿಸಿ ಎನ್ನಬಹುದು. 1948ರಿಂದ ಆ ಸಂಸ್ಥೆ ನಮ್ಮಲ್ಲಿ ಪತ್ರಿಕೆಗಳ ಪ್ರಸಾರದ ಲೆಕ್ಕ ತಪಾಸಣೆ ಮಾಡುತ್ತಿದೆ. ಊರಿನ ಸುದ್ದಿ ವೆಬ್‌ಸೈಟಿನವನು ಬಂದು ‘ತಿಂಗಳಿಗೆ 20 ಲಕ್ಷ ಹಿಟ್ಸ್’ ಎಂದರೆ ಅದಕ್ಕೆ ಅವನೇ ಸಾಕ್ಷಿ.

ಮೊದಲು ಆ ಹಿಟ್ಸನ್ನೇ ಬಿಡಿಸಿ ನೋಡು. ಒಂದು ಪುಟದಲ್ಲಿ ಚಿತ್ರ, ಲೋಗೊ, ಮತ್ತೊಂದು ಎಂದು 39 ಫೈಲುಗಳಿದ್ದರೆ, ಒಬ್ಬ ಒಮ್ಮೆ ತೆರೆದರೂ ಸರ್ವರಿನಲ್ಲಿ 40 ಹಿಟ್ ಬೀಳುತ್ತದೆ. 20 ಲಕ್ಷ ಇಳಿದು 50 ಸಾವಿರವಾಯಿತು. ಅದೂ ಪುಟ ತೆರೆದ ಲೆಕ್ಕ, ತಲೆ ಲೆಕ್ಕವಲ್ಲ.

ವಾಟ್ಸಾಪಿನಲ್ಲಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಬ್ರೌಸರಿನಲ್ಲೇ ಅಂಕಿ ತಿದ್ದಿ ಫೋಟೊ ಹೊಡೆಯುವುದು ನಿಮಿಷದ ಕೆಲಸ, ಅದಕ್ಕೆ ಬೆಲೆ ಕೊಡಬೇಡ. ಗೂಗಲ್ ಅನಲಿಟಿಕ್ಸಿನಲ್ಲಿ ಬರೀ ನೋಡುವ ಅನುಮತಿ ಕೊಡಲು ಬರುತ್ತದೆ, ಅದನ್ನು ಕೇಳು. ಒಳಗೆ ಊರುಗಳ ಪಟ್ಟಿ ಇರುತ್ತದೆ. ದಾವಣಗೆರೆಯ ಸುದ್ದಿಗೆ ಅಮೆರಿಕದ ಆ್ಯಶ್‌ಬರ್ನಿನಿಂದ ಜನ ನುಗ್ಗುತ್ತಿದ್ದರೆ ಅನುಮಾನಪಡು. ವರ್ಜೀನಿಯಾದ ಆ ಊರಿನ ತುಂಬ ಡೇಟಾ ಸೆಂಟರ್‌ಗಳು, ಬರುವುದು ಮನುಷ್ಯರಲ್ಲ, ಯಂತ್ರಗಳಿರಬಹುದು. ಹಾಗಂತ ತಕ್ಷಣ ಕಳ್ಳ ಎನ್ನಲೂ ಬೇಡ. ಆ ಸುತ್ತಮುತ್ತ ನಮ್ಮವರೂ ಇದ್ದಾರೆ, ಊರ ಸುದ್ದಿ ಓದುತ್ತಾರೆ. ಎಷ್ಟು ಹೊತ್ತು ನೋಡಿದರು ಎಂಬುದೂ ಅಲ್ಲೇ ಸಿಗುತ್ತದೆ. ಸಾವಿರಾರು ‘ಮಂದಿ’ ಬಂದು ಒಂದು ಸೆಕೆಂಡೂ ನಿಲ್ಲದೆ ಹೋಗಿದ್ದರೆ ಅವರು ಸೀರೆ ಕೊಳ್ಳುವವರಲ್ಲ. ಇನ್ನೊಂದು ಮಾತು: ಮೊಬೈಲಿನಲ್ಲಿ ನೋಡಿದ ದಾವಣಗೆರೆಯವನು ಎಷ್ಟೋ ಸಲ ‘ಬೆಂಗಳೂರು’ ಎಂದೇ ದಾಖಲಾಗುತ್ತಾನೆ. ಅದು ಮೋಸವಲ್ಲ.

ನಮ್ಮಂಥ ಸಣ್ಣವರಿಗೆ ಯಾರು ಇಷ್ಟೆಲ್ಲ ಆಟ ಕಟ್ಟುತ್ತಾರೆ ಎನ್ನಬೇಡ. ರಷ್ಯಾದ ಅಲೆಕ್ಸಾಂಡರ್ ಝುಕೋವ್ ಎಂಬಾತ ಸರ್ವರ್‌ಗಳನ್ನು ಬಾಡಿಗೆಗೆ ಹಿಡಿದು, ಮನುಷ್ಯರು ಜಾಹೀರಾತು ನೋಡುತ್ತಿರುವಂತೆ ಯಂತ್ರಗಳಿಂದ ಆಟ ಆಡಿಸಿದ. ಅವು ಮೌಸ್ ಓಡಿಸುತ್ತಿದ್ದವು, ವಿಡಿಯೊವನ್ನು ನಡುವೆ ನಿಲ್ಲಿಸುತ್ತಿದ್ದವು, ಫೇಸ್‌ಬುಕ್ಕಿಗೆ ಲಾಗಿನ್ ಆದಂತೆಯೂ ತೋರಿಸಿಕೊಳ್ಳುತ್ತಿದ್ದವು. ಕಂಪನಿಗಳು ಕಳೆದುಕೊಂಡದ್ದು 70 ಲಕ್ಷ ಡಾಲರಿಗೂ ಹೆಚ್ಚು. 2021ರಲ್ಲಿ ನ್ಯೂಯಾರ್ಕಿನ ಕೋರ್ಟು ಅವನಿಗೆ 10 ವರ್ಷ ಶಿಕ್ಷೆ ಕೊಟ್ಟಿತು. ಅಷ್ಟು ಖರ್ಚು ಮಾಡುವವರಿಗೇ ತಿಳಿಯಲಿಲ್ಲ. ನಮ್ಮೂರಿನಲ್ಲಿ ಇಷ್ಟು ಜಾಣತನವೂ ಬೇಕಾಗುವುದಿಲ್ಲ, ಕಡಿಮೆ ಬೆಲೆಗೆ ಟ್ರಾಫಿಕ್ ಮಾರುವವರು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿದ್ದಾರೆ.

ಮೊದಲ ತಿಂಗಳು ಸ್ವಲ್ಪವೇ ಹಣ ಹಾಕು. ಜನ ಎಲ್ಲಿಂದ ಬಂದರು ಎಂದು ತಿಳಿಯಲು ಜಾಹೀರಾತಿನ ಲಿಂಕಿಗೆ ಯುಟಿಎಂ ಗುರುತು ಸೇರಿಸು, ಆ ಜಾಹೀರಾತಿಗೆಂದೇ ಬೇರೆ ಫೋನ್ ನಂಬರ್ ಇಡು. ಅವರ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ಸ್ವಲ್ಪ ಹೆಚ್ಚುಕಡಿಮೆ ಬಂದೇ ಬರುತ್ತದೆ, ಅದಕ್ಕೆ ಜಗಳವಾಡಬೇಡ. ಅವರು 500 ಕ್ಲಿಕ್ ಎಂದು, ನಿನ್ನಲ್ಲಿ 60 ಕಂಡರೆ ಮಾತ್ರ ಕೂರಿಸಿ ಕೇಳು. ಅನಲಿಟಿಕ್ಸ್ ತೋರಿಸಲು ಒಪ್ಪದವರಿಗೆ, ಅವರು ಬೀಗರ ಕಡೆಯವರೇ ಆಗಿರಲಿ, ಜಾಹೀರಾತು ಕೊಡಬೇಡ.