ಚೌಕಾಬಾರದಲ್ಲಿ ಸಂಭವನೀಯತೆಯ ಪಾಠ

ನುಗ್ಗೇಹಳ್ಳಿಯ ನಮ್ಮ ಮನೆಯಲ್ಲಿ ಕವಡೆಗೆ ‘ಕೌಡಿ’ ಎನ್ನುತ್ತೇವೆ. ಈಚೆಗೆ ವೆಬ್ ಡೆವಲಪರ್ ಕೆಲಸಕ್ಕೆ ಸೇರಿರುವ ನನ್ನ ಭಾಯಿಜಾನ್‌ಗೆ ಮಣೆಯಾಟಗಳ ಹುಚ್ಚು. ಚೌಕಾಬಾರವನ್ನು ಮೊಬೈಲ್‌ಗೆ ತರುತ್ತಿದ್ದಾರೆ. ಲೆಕ್ಕ ನನ್ನ ಪಾಲು.

ಕವಡೆ 4. ಅಂಗಾತ ಬಿದ್ದಷ್ಟು ಅಂಕ. ನಾಲ್ಕೂ ಅಂಗಾತವಾದರೆ ಚೌಕ (4), ನಾಲ್ಕೂ ಬೋರಲಾದರೆ ಬಾರ (8). ಇವೆರಡಕ್ಕೂ ಇನ್ನೊಂದು ಆಟ ಉಂಟು.

ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ಒಟ್ಟು ಸಾಧ್ಯತೆ 2×2×2×2=16. ಅದರಲ್ಲಿ 1ಕ್ಕೆ 4, 2ಕ್ಕೆ 6, 3ಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಮರು ಆಟದ ಸಂಭವನೀಯತೆ 2/16, ಅಂದರೆ 1/8.

ಕೋಡ್‌ನಲ್ಲಿ 1, 2, 3, 4, 8ರಲ್ಲಿ ಒಂದನ್ನು ಸುಮ್ಮನೆ ಆರಿಸಿದರೆ ಅದು 2/5 ಆಗುತ್ತದೆ. ಎದುರಿನವರು ಕಾಯುತ್ತಲೇ ಕೂರಬೇಕು. ಆದ್ದರಿಂದ ನಾಲ್ಕು ಕವಡೆಗಳನ್ನೂ ಬೇರೆಬೇರೆಯಾಗಿಯೇ ಎಸೆಯುವಂತೆ ಕೋಡ್ ಬರೆಯಬೇಕು.

ಗೆಳೆಯರೇ, ನಿಜವಾದ ಕವಡೆಯ ಒಂದು ಬದಿ ಉಬ್ಬು. 80 ಸಲ ಹಾಕಿ ಬರೆದಿಡಿ: ಚೌಕ, ಬಾರ ಸೇರಿ 10ರ ಹತ್ತಿರ ಬರುತ್ತವೆಯೇ?