ಬೆಳೆ ಕ್ಯಾಲೆಂಡರಿನಲ್ಲಿ ಗಾಡಿಯ ಎಫ್‌ಸಿಗೂ ಒಂದು ದಿನ ಇರಲಿ



ಪ್ರತಿವಾರ ಮಣ್ಣು, ಗೊಬ್ಬರ, ಕೀಟ ಅಂತ ಮಾತಾಡ್ತೀವಿ. ಈ ವಾರ ಬೆಳೆದದ್ದನ್ನು ಮಾರುಕಟ್ಟೆಗೆ ಮುಟ್ಟಿಸುವ ಗಾಡಿಯ ಬಗ್ಗೆ ಮಾತಾಡೋಣ. ನಾನು ಓದಿದ್ದು ತೋಟಗಾರಿಕೆ. ಈಗ ಹುಣಸೂರು ತಾಲ್ಲೂಕಿನಲ್ಲಿ ಸಾವಯವ ತರಕಾರಿ, ಬಾಳೆ, ಸ್ವಲ್ಪ ಶುಂಠಿ ಬೆಳೀತೀನಿ. ವಾರಕ್ಕೆ ಎರಡು ಸಲ ನನ್ನ ಪಿಕಪ್ ಮೈಸೂರಿಗೆ ಹೋಗಲೇಬೇಕು. ಕೊಯ್ದ ಪಾಲಕ್, ಕೊತ್ತಂಬರಿ ಸಂಜೆವರೆಗೂ ಕಾಯಲ್ಲ, ಟೊಮೆಟೊ ಎರಡು ದಿನ ಕಾದರೆ ದರ್ಜೆ ಇಳಿಯುತ್ತೆ. ಹಾಗಾಗಿ ಗಾಡಿ ನಿಂತರೆ ನಷ್ಟ ಆಗೋದು ಗಾಡಿಗಲ್ಲ, ಬೆಳೆಗೆ.

ಗಾಡಿ ನಿಲ್ಲಲು ಇಂಜಿನ್ನೇ ಕೆಡಬೇಕಿಲ್ಲ. ಎಫ್‌ಸಿ, ಅಂದರೆ ಅರ್ಹತಾ ಪತ್ರ, ಮುಗಿದಿದ್ದರೂ ಸಾಕು. ಇದನ್ನು ಕೊಯ್ಲಿನ ಗಡಿಬಿಡಿಯಲ್ಲಿ ಅಲ್ಲ, ಒಂದು ತಿಂಗಳು ಮುಂಚೆ, ಹತ್ತಿರದ ಕಚೇರಿಯಲ್ಲಿ, ಒಂದೇ ಓಡಾಟದಲ್ಲಿ ಮುಗಿಸೋದು ಹೇಗೆ ಅನ್ನೋದೇ ಈ ವಾರದ ಪಾಠ.

ಎಫ್‌ಸಿ ಯಾರಿಗೆ ಬೇಕು?

1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಪ್ರಕಾರ, ಸಾರಿಗೆ ವಾಹನಕ್ಕೆ ಚಾಲ್ತಿಯಲ್ಲಿರುವ ಎಫ್‌ಸಿ ಇಲ್ಲದಿದ್ದರೆ ಅದರ ನೋಂದಣಿಯೇ ಊರ್ಜಿತ ಅಲ್ಲ. ಹಳದಿ ಬೋರ್ಡಿನ ಪಿಕಪ್, ಮಿನಿ ಟ್ರಕ್, ಲಗೇಜ್ ಆಟೊ ಎಲ್ಲವೂ ಸಾರಿಗೆ ವಾಹನಗಳೇ. ಇಲ್ಲಿ ನಮ್ಮ ಹುಡುಗರಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ.

ಒಂದು, "ನಾನು ಬಾಡಿಗೆ ಹೊಡೆಯಲ್ಲ, ನನ್ನ ತೋಟದ ಮಾಲು ಮಾತ್ರ ಹಾಕ್ತೀನಿ, ನನಗ್ಯಾಕೆ ಎಫ್‌ಸಿ?" ಅನ್ನೋದು. ಆರ್‌ಸಿಯಲ್ಲಿ ಸರಕು ವಾಹನ ಅಂತ ಇದ್ದರೆ ಮಾಲು ಯಾರದ್ದಾದರೂ ಎಫ್‌ಸಿ ಬೇಕೇ ಬೇಕು.

ಎರಡು, "ಸಣ್ಣ ಗಾಡಿಗೆ ಪರ್ಮಿಟ್ ಬೇಡ, ಹಾಗಾಗಿ ಎಫ್‌ಸಿನೂ ಬೇಡ" ಅನ್ನೋದು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ವಿನಾಯಿತಿ ಇರೋದು ನಿಜ. ಎಫ್‌ಸಿಗೆ ಆ ವಿನಾಯಿತಿ ಇಲ್ಲ. ಎರಡೂ ಬೇರೆ ಬೇರೆ.

ಟ್ರ್ಯಾಕ್ಟರ್ ಲೆಕ್ಕ ಬೇರೆ. ಕೃಷಿ ಟ್ರ್ಯಾಕ್ಟರ್ ನಿಯಮದ ಪ್ರಕಾರ ಸಾರಿಗೆಯೇತರ ವಾಹನ. ಬಿಳಿ ಬೋರ್ಡಿನ ಕಾರು, ಬೈಕಿನ ಹಾಗೆ ಅದರ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ವಾಹನ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುವ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಅಪ್ಪನ ಕಾಲದ ಟ್ರ್ಯಾಕ್ಟರ್ ಮನೆಯಲ್ಲಿದ್ದರೆ ಅದರ ಆರ್‌ಸಿಯನ್ನೂ ಒಮ್ಮೆ ತೆಗೆದು ನೋಡಿ.

ಎಷ್ಟು ವರ್ಷಕ್ಕೊಮ್ಮೆ?

ಹೊಸ ಸರಕು ವಾಹನಕ್ಕೆ ಮೊದಲ ಎಫ್‌ಸಿ 2 ವರ್ಷ. 2018ರ ತಿದ್ದುಪಡಿ ಪ್ರಕಾರ, ಗಾಡಿಗೆ 8 ವರ್ಷ ತುಂಬುವವರೆಗೆ ನವೀಕರಣ 2 ವರ್ಷಕ್ಕೊಮ್ಮೆ. 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ.

ಒಂದು ಲೆಕ್ಕ ನೋಡಿ. 2018ರ ಜೂನ್‌ನಲ್ಲಿ ನೋಂದಣಿಯಾದ ಪಿಕಪ್‌ಗೆ 2020, 2022, 2024, 2026ರ ಜೂನ್‌ನಲ್ಲಿ ಎಫ್‌ಸಿ ಬರುತ್ತೆ. 8 ವರ್ಷ ತುಂಬೋದು 2026ರಲ್ಲಿ. ಅಲ್ಲಿಂದ ಮುಂದೆ ವರ್ಷ ವರ್ಷವೂ ಪರೀಕ್ಷೆ.

ನಮ್ಮಲ್ಲಿ ಹೆಚ್ಚಿನವರು ಕೊಳ್ಳೋದು ಏಳೆಂಟು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಗಾಡಿ. ಮಾರುವವರು "ಎಫ್‌ಸಿ ಇದೆ, ಎರಡು ವರ್ಷ ತಲೆನೋವಿಲ್ಲ" ಅಂತಾರೆ. ಮಾತು ಬಿಡಿ, ದಿನಾಂಕ ನೋಡಿ. ಮೊಬೈಲ್‌ನಲ್ಲಿ ಎಂ-ಪರಿವಾಹನ್ ಆ್ಯಪ್ ತೆರೆದು ಗಾಡಿ ನಂಬರ್ ಹಾಕಿದರೆ ಎಫ್‌ಸಿ ಮತ್ತು ಇನ್ಶೂರೆನ್ಸ್ ಎಲ್ಲಿವರೆಗೆ ಇದೆ ಅಂತ ಗೊತ್ತಾಗುತ್ತೆ. ಅಡ್ವಾನ್ಸ್ ಕೊಡುವ ಮುಂಚೆ ಮಾಡಬೇಕಾದ ಎರಡು ನಿಮಿಷದ ಕೆಲಸ ಇದು.

ತಡವಾದರೆ ಏನಾಗುತ್ತೆ?

ಕೇಂದ್ರ ಮೋಟಾರು ವಾಹನ ನಿಯಮ 81ರಲ್ಲಿ, ಅವಧಿ ಮುಗಿದ ಮೇಲೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ ಇದೆ. "ಈ ಕೊಯ್ಲು ಮುಗೀಲಿ, ಆಮೇಲೆ ನೋಡೋಣ" ಅಂತ 60 ದಿನ ತಳ್ಳಿದರೆ 3,000 ರೂಪಾಯಿ. ಇದು ಮಾಮೂಲಿ ಫೀಸಿನ ಮೇಲೆ ಬೀಳುವ ಹೊರೆ.

ರಸ್ತೆಯಲ್ಲಿ ಸಿಕ್ಕಿಬಿದ್ದರೆ ನೋಂದಣಿ ಇಲ್ಲದ ಗಾಡಿ ಓಡಿಸಿದ ಹಾಗೆ ಲೆಕ್ಕ. 192ನೇ ಕಲಂ ಪ್ರಕಾರ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ. ಎರಡನೇ ಸಲಕ್ಕೆ ದಂಡ 10,000 ರೂಪಾಯಿವರೆಗೆ ಹೋಗಬಹುದು, ಜೈಲು ಶಿಕ್ಷೆಗೂ ಅವಕಾಶ ಇದೆ.

ಇದಕ್ಕಿಂತ ದೊಡ್ಡ ಭಯ ಅಪಘಾತದ್ದು. ಕ್ಲೇಮ್‌ಗೆ ಹೋದಾಗ ಎಫ್‌ಸಿ ಚಾಲ್ತಿಯಲ್ಲಿಲ್ಲ ಅಂದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ಕಾರಣ ಸಿಕ್ಕಿದ ಹಾಗೆ. ಎದುರಿನವರಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲಿ ಮಾಡಲು ಕಂಪನಿ ಮುಂದಾದರೆ, ಎಕರೆ ಜಮೀನು ಮಾರುವ ಪರಿಸ್ಥಿತಿ ಬರಬಹುದು.

ಯಾವ ತಿಂಗಳು ಮಾಡಿಸೋದು?

ಎಫ್‌ಸಿ ಮುಗಿಯುವ ದಿನ ನಮ್ಮ ಕೈಯಲ್ಲಿಲ್ಲ. ಆದರೆ ಅರ್ಜಿ ಹಾಕುವ ದಿನ ನಮ್ಮ ಕೈಯಲ್ಲಿದೆ. ನಾನು ಬೆಳೆ ಯೋಜನೆ ಬರೆಯುವ ಪುಸ್ತಕದಲ್ಲೇ ಮೂರು ದಿನಾಂಕ ಬರೀತೀನಿ.

* ಅವಧಿಗೆ 45 ದಿನ ಮುಂಚೆ: ಮನೆಯಲ್ಲೇ ಗಾಡಿ ಪರೀಕ್ಷೆ, ಗ್ಯಾರೇಜಿನ ಕೆಲಸ.
* 30 ದಿನ ಮುಂಚೆ: ಆನ್‌ಲೈನ್ ಅರ್ಜಿ, ಫೀಸು.
* 15 ದಿನ ಮುಂಚೆ: ಗಾಡಿ ತೋರಿಸಿ ಮುಗಿಸುವುದು.

ಕೊನೆಯ 15 ದಿನ ಬೇಕಂತಲೇ ಖಾಲಿ ಬಿಟ್ಟಿರೋದು. ಏನಾದರೂ ಸಣ್ಣ ದೋಷ ಹೇಳಿ ವಾಪಸ್ ಕಳಿಸಿದರೆ ರಿಪೇರಿ ಮಾಡಿಸಿ ಮತ್ತೆ ತೋರಿಸಲು ಟೈಮ್ ಇರುತ್ತೆ.

ಈ ಮೂರರಲ್ಲಿ ಯಾವುದೂ ಕೊಯ್ಲಿನ ವಾರಕ್ಕೆ ಬೀಳದ ಹಾಗೆ ಹಿಂದೆ ಮುಂದೆ ಮಾಡಿಕೊಳ್ಳಿ. ನಮ್ಮ ಕಡೆ ಶುಂಠಿ ಕೀಳುವ ಡಿಸೆಂಬರ್, ಜನವರಿಯಲ್ಲಿ ಗಾಡಿಗೂ ಬಿಡುವಿಲ್ಲ, ಮೆಕ್ಯಾನಿಕ್‌ಗೂ ಬಿಡುವಿಲ್ಲ. ಶ್ರೀನಿವಾಸಪುರದ ಮಾವಿನವರಿಗೆ ಮೇ, ಜೂನ್ ಅದೇ ಕಥೆ. ಹೊಸ ಗಾಡಿ ಕೊಳ್ಳುವವರಿಗೆ ಒಂದು ಕಿವಿಮಾತು: ನೋಂದಣಿ ಆದ ತಿಂಗಳಲ್ಲೇ ಮುಂದೆ ಎಫ್‌ಸಿ ಬರುತ್ತಾ ಹೋಗುತ್ತೆ. ಸಾಧ್ಯವಾದರೆ ನಿಮ್ಮ ಬೆಳೆಗೆ ಬಿಡುವಿರುವ ತಿಂಗಳಲ್ಲಿ ನೋಂದಣಿ ಮಾಡಿಸಿ.

ಎಲ್ಲಿ ಮಾಡಿಸೋದು?

ಜಿಲ್ಲಾ ಕೇಂದ್ರಕ್ಕೇ ಹೋಗಬೇಕು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹುಣಸೂರು, ತಿಪಟೂರು, ಮಧುಗಿರಿ, ನಾಗಮಂಗಲ, ಸಕಲೇಶಪುರ, ಚಿಂತಾಮಣಿ ಮುಂತಾದ ಕಡೆ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಗಳಿವೆ. ಮೊದಲು ನಿಮ್ಮ ಆರ್‌ಸಿ ಯಾವ ಕಚೇರಿಯಲ್ಲಿದೆ ನೋಡಿ. ಬೇರೆ ಜಿಲ್ಲೆಯಿಂದ ಕೊಂಡ ಗಾಡಿಯಾದರೆ ಹೆಸರು, ವಿಳಾಸ ಬದಲಾವಣೆ ಮಾಡಿಸಿ ನಿಮ್ಮ ಹತ್ತಿರದ ಕಚೇರಿಗೆ ತಂದುಕೊಳ್ಳಿ. ಒಂದು ಸಲದ ಶ್ರಮ, ಆಮೇಲೆ ಪ್ರತಿ ವರ್ಷದ ಡೀಸೆಲ್ ಉಳಿತಾಯ.

ಕೆಲವು ತಾಲ್ಲೂಕು ಕೇಂದ್ರಗಳಲ್ಲಿ ನಿಗದಿತ ದಿನ ಇನ್ಸ್‌ಪೆಕ್ಟರ್ ಬಂದು ಕ್ಯಾಂಪ್ ಮಾಡುವ ಪದ್ಧತಿ ಇದೆ. ಆದರೆ ಕ್ಯಾಂಪ್‌ನಲ್ಲಿ ಎಲ್‌ಎಲ್, ಡಿಎಲ್ ಮಾತ್ರವಾ, ಎಫ್‌ಸಿಯೂ ಮಾಡ್ತಾರಾ ಅಂತ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ. ಸ್ವಯಂಚಾಲಿತ ಪರೀಕ್ಷಾ ಕೇಂದ್ರ ಶುರುವಾಗಿರುವ ಕಡೆ ಯಂತ್ರದ ಮೇಲೆ ನಿಲ್ಲಿಸಿ ಬ್ರೇಕ್, ಹೆಡ್‌ಲೈಟ್ ಅಳೀತಾರೆ. ನಿಮ್ಮ ಗಾಡಿ ಅಲ್ಲಿಗೆ ಹೋಗಬೇಕಾ ಅನ್ನೋದನ್ನೂ ಅರ್ಜಿಗೆ ಮುಂಚೆಯೇ ವಿಚಾರಿಸಿ.

ಮೊಬೈಲ್‌ನಲ್ಲೇ ಅರ್ಜಿ

ಪರಿವಾಹನ್ ಪೋರ್ಟಲ್‌ನಲ್ಲಿ ವಾಹನ ಸೇವೆಗಳಿಗೆ ಹೋಗಿ, ಕರ್ನಾಟಕ ಆರಿಸಿ, ಗಾಡಿ ನಂಬರ್ ಹಾಕಿ, ಫಿಟ್‌ನೆಸ್ ಅರ್ಜಿ ತೆರೆಯಿರಿ. ಚಾಸಿಸ್ ನಂಬರಿನ ಕೊನೆಯ 5 ಅಂಕಿ ಕೇಳುತ್ತೆ, ನೋಂದಾಯಿತ ಮೊಬೈಲ್‌ಗೆ ಒಟಿಪಿ ಬರುತ್ತೆ. ಹಳೇ ಮಾಲೀಕರ ನಂಬರ್ ಇನ್ನೂ ಇದ್ದರೆ ಇಲ್ಲೇ ಕೆಲಸ ನಿಲ್ಲುತ್ತೆ, ಅದನ್ನು ಮೊದಲು ಬದಲಿಸಿ. ಗಾಡಿಯ ತೂಕ, ವಯಸ್ಸಿನ ಮೇಲೆ ಫೀಸು ಬದಲಾಗುತ್ತೆ. ಪೋರ್ಟಲ್ ತೋರಿಸುವ ಮೊತ್ತವೇ ಸರಿಯಾದ ಮೊತ್ತ. ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಏಜೆಂಟ್ ಮೂಲಕ ಹೋಗುವವರೂ ಈ ಮೊತ್ತ ನೋಡಿಕೊಂಡಿದ್ದರೆ, ಯಾವುದು ಸರ್ಕಾರದ ಫೀಸು, ಯಾವುದು ಅವರ ಕೂಲಿ ಅಂತ ತಿಳಿಯುತ್ತೆ.

ಅರ್ಜಿ ಹಾಕುವ ಮುಂಚೆ ಇನ್ಶೂರೆನ್ಸ್, ಎಮಿಷನ್ ಪತ್ರ, ರಸ್ತೆ ತೆರಿಗೆ ಚಾಲ್ತಿಯಲ್ಲಿರಲಿ. ಬಾಕಿ ಇರುವ ಇ-ಚಲನ್ ತೀರಿಸಿ. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸದಿದ್ದರೆ ಅದನ್ನೂ ಹಾಕಿಸಿ.

ಮನೆಯಂಗಳದಲ್ಲೇ ಮೊದಲ ಪರೀಕ್ಷೆ

ನಮ್ಮ ಕಡೆ ಹಿರಿಯರು ಮೋಟಾರು ವಾಹನ ನಿರೀಕ್ಷಕರನ್ನು ಇವತ್ತಿಗೂ "ಬ್ರೇಕ್ ಇನ್ಸ್‌ಪೆಕ್ಟರ್" ಅಂತಲೇ ಕರೆಯೋದು. ಬ್ರೇಕಿಗೆ ಎಷ್ಟು ಮಹತ್ವ ಅಂತ ಆ ಹೆಸರೇ ಹೇಳುತ್ತೆ. ಅವರು ನೋಡುವುದನ್ನು ನಾವೇ ಮೊದಲು ನೋಡೋಣ. ಜೊತೆಗೆ ಒಬ್ಬರಿದ್ದರೆ ಅರ್ಧ ಗಂಟೆ ಸಾಕು.

1. ಬ್ರೇಕ್: ಖಾಲಿ ಬಯಲಿನಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿ. ಗಾಡಿ ಒಂದು ಕಡೆಗೆ ಎಳೆಯಬಾರದು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಒಂದೇ ಗಾಡಿಯನ್ನು ಹಿಡಿಯಬೇಕು. ಈ ಪರೀಕ್ಷೆಗೆ ಚಕ್ರಕ್ಕೆ ಕಲ್ಲು ಹತ್ತಿರದಲ್ಲೇ ಇಟ್ಟುಕೊಳ್ಳಿ.
2. ಲೈಟು: ಹೆಡ್‌ಲೈಟಿನ ಹೈ, ಡಿಮ್, ನಾಲ್ಕೂ ಇಂಡಿಕೇಟರ್, ಬ್ರೇಕ್ ಲೈಟ್, ರಿವರ್ಸ್ ಲೈಟ್, ನಂಬರ್ ಪ್ಲೇಟ್ ಲೈಟ್. ತೋಟದ ಗಾಡಿಯಲ್ಲಿ ಹಿಂದಿನ ವೈರನ್ನು ಇಲಿ ಕಡಿಯೋದು ಸಾಮಾನ್ಯ.
3. ಟೈರು: ಗಾಡಿಯ (ಥ್ರೆಡ್) ಗೆರೆಗಳ ತಳದಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಬದಲಿಸಿ. ಸ್ಟೆಪ್ನಿಯನ್ನೂ ನೋಡಿ.
4. ಸ್ಟೀರಿಂಗ್: ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಸಡಿಲವಾಗಿ ಆಡುತ್ತಿದ್ದರೆ ಗ್ಯಾರೇಜಿಗೆ ಒಯ್ಯಿರಿ.
5. ಗಾಜು, ಕನ್ನಡಿ, ವೈಪರ್, ಹಾರ್ನ್: ಕರ್ಕಶ ಹಾರ್ನ್, ಕಣ್ಣು ಕುಕ್ಕುವ ಹೆಚ್ಚುವರಿ ಎಲ್‌ಇಡಿ ಇದ್ದರೆ ಬಿಚ್ಚಿಬಿಡಿ.
6. ರಿಫ್ಲೆಕ್ಟರ್ ಟೇಪು: ಮುಂದೆ ಬಿಳಿ, ಹಿಂದೆ ಕೆಂಪು. ಗೊಬ್ಬರದ ಧೂಳು ಮೆತ್ತಿಕೊಂಡಿದ್ದರೆ ಒರೆಸಿ, ಕಿತ್ತಿದ್ದರೆ ಹೊಸದು ಹಾಕಿ.
7. ಸ್ಪೀಡ್ ಗವರ್ನರ್: ಯಾರೋ ತಪ್ಪಿಸಿಟ್ಟಿದ್ದರೆ ಸರಿಮಾಡಿಸಿ.
8. ಚಾಸಿಸ್ ನಂಬರ್: ಮಣ್ಣು, ಗ್ರೀಸ್ ತೆಗೆದು ಬಟ್ಟೆಯಿಂದ ಒರೆಸಿ, ಓದುವಂತಿರಲಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಅಂಕಿ ಅಳಿಸಿದರೆ ಹೊಸ ರಗಳೆ.
9. ಬಾಡಿ: ಹಿಂಬಾಗಿಲ ಕೊಂಡಿ, ತುಕ್ಕು ತಿಂದ ನೆಲ, ಹೆಸರು ವಿಳಾಸ ಬರೆದ ಪೇಂಟು.
10. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಎಚ್ಚರಿಕೆಯ ತ್ರಿಕೋನ.

ಇನ್ನೊಂದು ಮಾತು ನಮ್ಮವರಿಗೇ. ಬಾಳೆಗೊನೆ ಜಾಸ್ತಿ ಹಿಡಿಯಲಿ ಅಂತ ಆ್ಯಂಗಲ್ ಬೆಸೆದು ಬಾಡಿ ಎತ್ತರಿಸೋದು, ಭಾರ ಹೊರಲಿ ಅಂತ ಸ್ಪ್ರಿಂಗ್‌ಗೆ ಹೆಚ್ಚುವರಿ ಪ್ಲೇಟ್ ಸೇರಿಸೋದು ಊರೂರಲ್ಲಿ ಇದೆ. ಅನುಮತಿ ಇಲ್ಲದೆ ಗಾಡಿಯ ಮೂಲ ವಿವರ ಬದಲಿಸಲು ಕಾಯ್ದೆಯ 52ನೇ ಕಲಂ ಬಿಡಲ್ಲ. ಪ್ಲೇಟ್ ಸೇರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ, ಬ್ರೇಕ್ ಗಟ್ಟಿಯಾಗಲ್ಲ. ಎಫ್‌ಸಿ ದಿನ ಬಿಚ್ಚಿ ಮರುದಿನ ಹಾಕುವ ಜಾಣತನ ಇನ್ಸ್‌ಪೆಕ್ಟರನ್ನು ದಾಟಬಹುದು, ಇಳಿಜಾರಿನ ತಿರುವನ್ನು ದಾಟಲ್ಲ.

ಪರೀಕ್ಷೆಯ ದಿನ

ಗಾಡಿ ತೊಳೆದು, ಖಾಲಿ ಮಾಡಿ, ಬೆಳಿಗ್ಗೆ ಬೇಗ ಹೋಗಿ. ವಾಪಸ್ ಬರುವಾಗ ಹಿಂಡಿ, ಬೀಜ ತಂದುಕೊಳ್ಳಬಹುದು, ಹೋಗುವಾಗ ಲೋಡ್ ಬೇಡ. ರಸೀದಿ, ಆರ್‌ಸಿ, ಹಳೇ ಎಫ್‌ಸಿ, ಇನ್ಶೂರೆನ್ಸ್, ಎಮಿಷನ್ ಪತ್ರ, ಡಿಎಲ್ ಒಂದೇ ಫೈಲಿನಲ್ಲಿ ಇರಲಿ.

ಗಾಡಿ ಪಾಸಾಗದಿದ್ದರೆ ಜಗಳ ಬೇಡ. ಎಫ್‌ಸಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು ಅಂತ 56ನೇ ಕಲಂನಲ್ಲೇ ಇದೆ. ವಿನಯದಿಂದ "ಸರ್, ಕಾರಣ ಬರೆದುಕೊಡಿ, ಸರಿಮಾಡಿಸಿಕೊಂಡು ಬರ್ತೀನಿ" ಅಂತ ಕೇಳಿ. ಆ ಪಟ್ಟಿಯನ್ನೇ ಗ್ಯಾರೇಜಿಗೆ ಕೊಟ್ಟರೆ ಬೇಡದ ರಿಪೇರಿಗೂ ದುಡ್ಡು ಹೋಗಲ್ಲ.

ಪಾಸಾದ ಮೇಲೆ ಸಿಗುವ ಎಫ್‌ಸಿ ನಮೂನೆ 38ರಲ್ಲಿರುತ್ತೆ. ಗಾಡಿ ನಂಬರ್, ಮುಂದಿನ ದಿನಾಂಕ ಸರಿಯಾಗಿದೆಯಾ ಅಂತ ಅಲ್ಲೇ ಓದಿ. ಎಂ-ಪರಿವಾಹನ್ ಅಥವಾ ಡಿಜಿಲಾಕರ್‌ನಲ್ಲಿ ತೋರಿಸುವ ದಾಖಲೆಗೂ ಕಾನೂನಿನ ಮಾನ್ಯತೆ ಇದೆ. ಆದರೂ ನಮ್ಮ ಹಳ್ಳಿ ರಸ್ತೆಗಳಲ್ಲಿ ನೆಟ್‌ವರ್ಕ್ ಇಲ್ಲದ ಜಾಗ ಬೇಕಾದಷ್ಟಿದೆ, ಒಂದು ಜೆರಾಕ್ಸ್ ಗಾಡಿಯಲ್ಲೇ ಇರಲಿ.

ಈ ವಾರದ ಮನೆಗೆಲಸ

ಇದನ್ನು ಓದುತ್ತಿರುವ ಮೊಬೈಲ್‌ನಲ್ಲೇ ನಿಮ್ಮ ಗಾಡಿಯ ಎಫ್‌ಸಿ ದಿನಾಂಕ ನೋಡಿ. ಅದಕ್ಕೆ 45, 30, 15 ದಿನ ಮುಂಚಿನ ಮೂರು ಅಲಾರಂ ಇಡಿ. ಗಾಡಿಯನ್ನು ತಮ್ಮನೋ ಡ್ರೈವರೋ ಓಡಿಸುತ್ತಿದ್ದರೆ ಅವರ ಫೋನಿನಲ್ಲೂ ಇಡಿ. ನಾಟಿ ಯಾವಾಗ, ಗೊಬ್ಬರ ಯಾವಾಗ ಅಂತ ಬರೆದಿಟ್ಟ ಪುಸ್ತಕದಲ್ಲಿ ಇದಕ್ಕೂ ಒಂದು ಸಾಲು ಜಾಗ ಕೊಡಿ.