ಆಸ್ಪತ್ರೆಯ ಹಾಸಿಗೆಯಲ್ಲಿ ಕರಗುವ ತೂಕ

ಕಾಯಿಲೆಯವರನ್ನು ಕಂಡು ಬರುವುದು ನಮ್ಮಲ್ಲಿ ಪುಣ್ಯದ ಕೆಲಸ. ವಾರ್ಡಿಗೆ ಬಂದ ನೆಂಟರು ಶುಗರ್ ಎಷ್ಟು, ಬಿಪಿ ಎಷ್ಟು, ಸ್ಕ್ಯಾನಿಂಗ್‌ನಲ್ಲಿ ಏನು ಬಂತು ಎಂದೆಲ್ಲ ವಿಚಾರಿಸುತ್ತಾರೆ. "ಸೇರಿಸಿದ ದಿನ ತೂಕ ಎಷ್ಟಿತ್ತು, ಈಗ ಎಷ್ಟಿದೆ?" ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮೂರು ವರ್ಷದ ಹಿಂದೆ ನಾನೂ ಕೇಳಿರಲಿಲ್ಲ.

ನಮ್ಮ ಅಬ್ಬಾಗೆ ಆಗ 74 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಆಪರೇಷನ್‌ಗೆಂದು ರಾತ್ರಿಯಿಂದ ಊಟ ನಿಲ್ಲಿಸಿದರು. ಮಧ್ಯಾಹ್ನ "ಇವತ್ತಾಗುವುದಿಲ್ಲ, ನಾಳೆ" ಎಂದರು. ಮರುದಿನವೂ ಅದೇ ಕಥೆ. ಮೂರನೇ ದಿನ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಥಿಯೇಟರಿಗೆ ಹೋಗುವ ಮುಂಚೆ ತೆಗೆಸಿದ ಕಟ್ಟುಹಲ್ಲನ್ನು, ಕಳೆದುಹೋದೀತೆಂದು ನಮ್ಮವರೇ ಮನೆಗೆ ತಂದು ಲೋಟದಲ್ಲಿ ಇಟ್ಟುಬಿಟ್ಟಿದ್ದರು. ಹಲ್ಲಿಲ್ಲದ ಬಾಯಿಗೆ ಆಸ್ಪತ್ರೆಯ ಚಪಾತಿ ಹೇಗೆ ಹೋಗಬೇಕು? ನರ್ಸ್ ಬಂದು "ಊಟ ಆಯ್ತಾ?" ಎಂದರೆ ಅಮ್ಮೀ "ಆಯ್ತು" ಎನ್ನುತ್ತಿದ್ದರು. ತಟ್ಟೆ ಬಂದು ಹೋಗಿತ್ತು, ಅಷ್ಟೇ.

16 ದಿನಗಳಾದ ಮೇಲೆ ಮನೆಗೆ ಕರೆತಂದೆವು. ವಾಕರ್ ಹಿಡಿಸಿ ನಿಲ್ಲಿಸಿ, ಆಮೇಲೆ ಒಂದು ಗಳಿಗೆ ಕೈ ಬಿಡಿಸಿ ತೂಕ ನೋಡಿದೆ: 51 ಕೆ.ಜಿ. ನಾಲ್ಕು ತಿಂಗಳ ಹಿಂದಿನ ಬಿಪಿ ಚೀಟಿಯಲ್ಲಿ 58 ಎಂದು ಬರೆದಿತ್ತು. ಪಾದಗಳು ಬೇರೆ ಊದಿಕೊಂಡಿದ್ದವು. ಆ ನೀರಿನ ತೂಕ ಕಳೆದರೆ ಅವರು ನಿಜವಾಗಿ ಇನ್ನೂ ಕಡಿಮೆಯೇ ಇದ್ದರು. ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಶುರುವಾಗಿತ್ತು. ದಿನವೂ ಸಂಜೆ ಅವರ ಹಾಸಿಗೆಯ ಪಕ್ಕ ಕುಳಿತು ಬರುತ್ತಿದ್ದ ವೈದ್ಯ ನಾನು.

ಇದು ಹಳೆಯ ತಪ್ಪು. ಅಮೆರಿಕದ ಅಲಬಾಮಾದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ 1974ರಲ್ಲೇ ಇದನ್ನು ಬರೆದಿದ್ದರು: ಎತ್ತರ, ತೂಕ ದಾಖಲಿಸದಿರುವುದು, ಪರೀಕ್ಷೆಗಳಿಗಾಗಿ ಊಟ ತಪ್ಪಿಸುವುದು, ದಿನಗಟ್ಟಲೆ ಬರೀ ಗ್ಲೂಕೋಸ್ ಮೇಲೆ ಇಡುವುದು. ಗ್ಲೂಕೋಸ್ ಬಾಟಲಿ ನೇತಾಡುತ್ತಿದ್ದರೆ ಮನೆಯವರಿಗೆ ಸಮಾಧಾನ. ಲೆಕ್ಕ ನೋಡಿ: ಶೇ. 5ರ ಗ್ಲೂಕೋಸ್ ಒಂದು ಲೀಟರಿನಲ್ಲಿ ಇರುವುದು 50 ಗ್ರಾಂ ಸಕ್ಕರೆ. 200 ಕ್ಯಾಲೊರಿಯೂ ಆಗದು. ಪ್ರೊಟೀನ್ ಒಂದಿಷ್ಟೂ ಇಲ್ಲ.

ರೋಗಿಯ ಪೋಷಣೆ ಹೇಗಿದೆ ಎಂದು ತಿಳಿಯಲು ಬ್ರಿಟನ್ನಿನಲ್ಲಿ 2003ರಿಂದ 'ಮಸ್ಟ್' ಎಂಬ ಅಂಕಪಟ್ಟಿ ಬಳಕೆಯಲ್ಲಿದೆ. ಮನೆಯವರೂ ಹಾಕಬಹುದಾದ ಲೆಕ್ಕ ಇದು. ಮೊದಲು ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. ಬಂದ ಸಂಖ್ಯೆ 20ಕ್ಕಿಂತ ಹೆಚ್ಚಿದ್ದರೆ ಸೊನ್ನೆ, 18.5ರಿಂದ 20ರೊಳಗಿದ್ದರೆ 1, ಅದಕ್ಕೂ ಕೆಳಗಿದ್ದರೆ 2 ಅಂಕ. ಆಮೇಲೆ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ಇಳಿದ ತೂಕ: ನೂರಕ್ಕೆ 5ಕ್ಕಿಂತ ಕಡಿಮೆಯಾದರೆ ಸೊನ್ನೆ, 5ರಿಂದ 10ಕ್ಕೆ 1, 10 ಮೀರಿದರೆ 2. ಕಾಯಿಲೆ ಜೋರಾಗಿದ್ದು ಐದು ದಿನಕ್ಕಿಂತ ಹೆಚ್ಚು ಹೊಟ್ಟೆಗೆ ಏನೂ ಹೋಗಿಲ್ಲ, ಅಥವಾ ಹೋಗುವಂತಿಲ್ಲ ಎಂದಾದರೆ ಇನ್ನೂ 2. ಒಟ್ಟು 2 ಅಥವಾ ಹೆಚ್ಚು ಬಂದರೆ ಅಪಾಯ ಎಂದರ್ಥ. ಅಬ್ಬಾರ ಎತ್ತರ 1.65 ಮೀಟರ್. ಭಾಗಿಸಿದರೆ 18.7, ಅಂದರೆ 1 ಅಂಕ. ಇಳಿದ ತೂಕ ನೂರಕ್ಕೆ 12, ಅದಕ್ಕೆ 2. ಒಟ್ಟು 3.

ದಪ್ಪಗಿರುವವರ ವಿಷಯದಲ್ಲಿ ಇಲ್ಲೇ ಮೋಸ ಹೋಗುವುದು. 90 ಕೆ.ಜಿ.ಯವರು 80ಕ್ಕೆ ಇಳಿದರೆ "ಒಳ್ಳೆಯದೇ ಆಯ್ತು" ಎನ್ನುತ್ತೇವೆ. ಕಾಯಿಲೆಯಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ನಿಲ್ಲಲಾಗದ ರೋಗಿಗೆ ದರ್ಜಿಯ ಟೇಪ್ ಸಾಕು. ಎಡತೋಳನ್ನು ಸಡಿಲವಾಗಿ ಇಳಿಬಿಡಿಸಿ, ಭುಜದ ಮೂಳೆಗೂ ಮೊಣಕೈಗೂ ನಡುವೆ, ಬಿಗಿಯದೆ ಅಳೆಯಿರಿ. ದೊಡ್ಡವರಲ್ಲಿ 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ವೈದ್ಯರಿಗೆ ಹೇಳಿ. ಯುನಾನಿಯಲ್ಲಿ ಮಿಜಾಜ್ ಗುರುತಿಸುವ ಹತ್ತು ಲಕ್ಷಣಗಳಲ್ಲಿ ಮುಟ್ಟಿ ನೋಡುವುದೂ ಒಂದು, ಮಾಂಸ ಮತ್ತು ಕೊಬ್ಬು ನೋಡುವುದೂ ಒಂದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನಮ್ಮ ಮನೆಯ ರೋಗಿಗೇ ಬಳಸಲಿಲ್ಲ. ವುಝೂ ಮಾಡಿಸುವವರಿಗೆ ತೋಳು, ಪಾದ ಎರಡೂ ಕಾಣುತ್ತವೆ. ಕಣತಲೆ ಗುಳಿಬಿದ್ದಿದೆಯೇ, ಕತ್ತಿನ ಕೆಳಗಿನ ಮೂಳೆ ಎದ್ದಿದೆಯೇ, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸ ಚಪ್ಪಟೆಯಾಗಿದೆಯೇ ನೋಡಿ. ಪಾದದ ಗಂಟಿನ ಬಳಿ ಒತ್ತಿದಾಗ ಗುಳಿ ನಿಂತರೆ ನೀರು ತುಂಬಿದೆ. ಆಗ ತೂಕದ ಯಂತ್ರವನ್ನು ಪೂರ್ತಿ ನಂಬಬೇಡಿ. ಹೆಂಗಸರು ಸಡಿಲ ಉಡುಪು, ದುಪಟ್ಟಾದಲ್ಲಿ ಇರುವುದರಿಂದ ರೌಂಡ್ಸ್‌ಗೆ ಬಂದ ವೈದ್ಯರಿಗೆ ಇದೆಲ್ಲ ಕಾಣುವುದೇ ಇಲ್ಲ. ಮೈ ಒರೆಸುವ ಮಗಳೋ ಸೊಸೆಯೋ ನೋಡಿ ಹೇಳಬೇಕು.

ಇನ್ನು ಲ್ಯಾಬ್ ರಿಪೋರ್ಟ್ ಹಿಡಿದು "ಅಲ್ಬುಮಿನ್ ಕಡಿಮೆ ಇದೆ, ಮೊಟ್ಟೆ ಕೊಡಿ" ಎನ್ನುವವರು ಬಹಳ. ಸೋಂಕು, ಉರಿಯೂತ, ಆಪರೇಷನ್ ಇದ್ದಾಗ ಅಲ್ಬುಮಿನ್ ತಾನಾಗಿ ಇಳಿಯುತ್ತದೆ. ಪೋಷಣೆಗೆ ಅದೊಂದೇ ಅಳತೆಗೋಲಲ್ಲ.

ಊಟದ ಲೆಕ್ಕ ಬರೆದಿಡಿ. "ತಿಂದರು" ಎಂದಲ್ಲ, ತಟ್ಟೆಯಲ್ಲಿ ಕಾಲುಭಾಗ, ಅರ್ಧ ಎಂದು. ಎಳನೀರು, ಮೋಸಂಬಿ ರಸದಿಂದ ಮಾಂಸ ಬೆಳೆಯದು. ನಾವು ಅಕ್ಕರೆಯಿಂದ ಒಯ್ಯುವ ಯಖ್ನಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಹಿರಿಯರು ಬೇಸರಿಸಬಾರದು: ತಿಳಿಸಾರು ಬಾಯಿಗೆ ರುಚಿ, ಹಸಿವು ಎಬ್ಬಿಸುತ್ತದೆ. ಪ್ರೊಟೀನ್ ಬಹುಪಾಲು ಉಳಿಯುವುದು ಸೋಸಿ ತೆಗೆದ ಮಾಂಸದಲ್ಲಿ. ಆ ಮಾಂಸವನ್ನೇ ನುಣ್ಣಗೆ ಅರೆದು ಖಿಚಡಿಗೆ ಬೆರೆಸಿ. ಕಿಡ್ನಿ, ಲಿವರ್ ತೊಂದರೆಯವರಿಗೆ ಏನು ಕೊಡಬೇಕೆಂದು ಅಲ್ಲಿನ ಡಯಟಿಷಿಯನ್ನರನ್ನು ಕೇಳಿಯೇ ಕೊಡಿ.

ಒಂದು ಎಚ್ಚರಿಕೆ. ಐದಾರು ದಿನ ಹೆಚ್ಚುಕಡಿಮೆ ಉಪವಾಸವಿದ್ದವರಿಗೆ ಪ್ರೀತಿಯಿಂದ ಒಮ್ಮೆಲೇ ತುಂಬಿಸಬಾರದು. ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಸಿಯಂ ತಟ್ಟನೆ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ವೈದ್ಯರಿಗೆ ತಿಳಿಸಿ, ಅವರು ಹೇಳಿದಷ್ಟರಿಂದ ಆರಂಭಿಸಿ ಮೆಲ್ಲಗೆ ಏರಿಸಬೇಕು.

ಅಬ್ಬಾಗೂ ಹಾಗೆಯೇ ಮಾಡಿದೆವು. ವಸಡು ಇಳಿದು ಹಳೆಯ ಕಟ್ಟುಹಲ್ಲು ಕೂರಲಿಲ್ಲ, ಹೊಸದು ಮಾಡಿಸಿದೆವು. ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಐದನೇ ತಿಂಗಳಿಗೆ ತೂಕ 55ಕ್ಕೆ ಬಂತು. ಆಮೇಲೆ ಏರಲಿಲ್ಲ.